ಓರಿಯಂಟೀರಿಂಗ್ ಶುರು ಮಾಡಲು ಯಾವ ಕಂಪಾಸ್ ಸಾಕು? ಕಾಸರಗೋಡಿನ ಪದವಿನಲ್ಲಿ (ಗುಡ್ಡೆಯ ಮೇಲಿನ ಬಯಲಿನಲ್ಲಿ) ಬಳಸಿ ನೋಡಿದ್ದು

ಮೊದಲಿಗೇ ಹೇಳಿಬಿಡುತ್ತೇನೆ. ಓರಿಯಂಟೀರಿಂಗ್, ಅಂದರೆ ನಕ್ಷೆ ಮತ್ತು ಕಂಪಾಸ್ ಹಿಡಿದು ಜಾಗ ಹುಡುಕುವ ಆಟ, ಶುರು ಮಾಡಬೇಕು ಅಂತ ಆಸೆ ಇದ್ದರೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ಮೇಲೆ ತಿರುಗುವ ಡಯಲ್ ಕೂರಿಸಿದ ಸಾದಾ ಬೇಸ್‌ಪ್ಲೇಟ್ ಕಂಪಾಸ್ ಸಾಕು. ಅದಕ್ಕಿಂತ ದೊಡ್ಡದು ಬೇಡ. ನನ್ನ ಹತ್ತಿರ ಇರುವುದು ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೆ ಸಿಕ್ಕಿದ್ದು. ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಗುಡ್ಡೆಗಳಲ್ಲಿ, ಪೊಸಡಿಗುಂಪೆಯ ಇಳಿಜಾರಿನಲ್ಲಿ, ಗೇರು ತೋಟದೊಳಗೆ, ಜೋರು ಮಳೆಯಲ್ಲಿ, ಎಲ್ಲ ಕಡೆ ನನ್ನ ಕುತ್ತಿಗೆಯಲ್ಲಿ ನೇತಾಡಿದೆ. ಇನ್ನೂ ಚೆನ್ನಾಗಿಯೇ ಉಂಟು. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಇದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಲ್ಲಿ ಬರುತ್ತದೆ. ಎಂತ ನೋಡಿ ತೆಗೆದುಕೊಳ್ಳಬೇಕು ಅಂತ ತಿಳಿದರೆ ಹೆಸರು ಯಾವುದಾದರೂ ಆದೀತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೈಗೆ ಒಂದು ವಿವರವಾದ ನಕ್ಷೆ ಕೊಡುತ್ತಾರೆ. ಅದರಲ್ಲಿ ನೇರಳೆ ಬಣ್ಣದ ತ್ರಿಕೋನ ಹೊರಡುವ ಜಾಗ, ವೃತ್ತಗಳೆಲ್ಲ ಹುಡುಕಬೇಕಾದ ಜಾಗ, ಜೋಡಿ ವೃತ್ತ ಮುಗಿಯುವ ಜಾಗ. ಒಂದೊಂದು ವೃತ್ತದ ನಡುವಿನ ಜಾಗಕ್ಕೆ ಹೋದರೆ ಅಲ್ಲಿ ಕಿತ್ತಳೆ-ಬಿಳಿ ಬಣ್ಣದ, 30 ಸೆಂಟಿಮೀಟರ್ ಅಳತೆಯ ಮೂರು ಮುಖದ ಬಟ್ಟೆ ನೇತುಹಾಕಿರುತ್ತಾರೆ. ಅದಕ್ಕೆ ಕಂಟ್ರೋಲ್ ಅಂತ ಹೆಸರು. ಕ್ರಮ ತಪ್ಪದೆ ಎಲ್ಲವನ್ನೂ ಮುಟ್ಟಿ ಬೇಗ ಬರಬೇಕು. ನಡುವೆ ಯಾವ ದಾರಿ ಹಿಡಿಯುವುದು ಅನ್ನುವುದು ಪೂರ್ತಿ ನಿಮ್ಮ ತೀರ್ಮಾನ, ಅದೇ ಇದರ ಮಜಾ. ನಾರ್ವೆ, ಸ್ವೀಡನ್ ಕಡೆ ಸೈನಿಕರ ತರಬೇತಿಯಾಗಿ ಹುಟ್ಟಿದ್ದು ಇದು. ಜನಸಾಮಾನ್ಯರಿಗೆ ಅಂತ ಮೊದಲ ಸ್ಪರ್ಧೆ ಆದದ್ದು 1897ರ ಅಕ್ಟೋಬರ್ 31ರಂದು, ಓಸ್ಲೋ ಹತ್ತಿರ. ದೂರ 19.5 ಕಿಲೋಮೀಟರ್, ಕಂಟ್ರೋಲ್ ಮೂರೇ ಮೂರು. ಈಗ ಹೊಸಬರಿಗೆ ಒಂದೆರಡು ಕಿಲೋಮೀಟರಿನಲ್ಲೇ ಏಳೆಂಟು ಕಂಟ್ರೋಲ್ ಇಡುತ್ತಾರೆ, ಹೆಚ್ಚಿನವು ದಾರಿಯ ಬದಿಯಲ್ಲೇ ಇರುತ್ತವೆ.

ಕಂಪಾಸ್ ಹುಡುಕಲು ಹೋದರೆ ಮೂರು ನಾಲ್ಕು ಜಾತಿ ಕಣ್ಣಿಗೆ ಬೀಳುತ್ತವೆ. ಮಿಲಿಟರಿ ಹಸಿರು ಬಣ್ಣದ, ಮುಚ್ಚಳ ಇರುವ ಲೋಹದ ಕಂಪಾಸ್ ನೋಡಲು ಗಟ್ಟಿ, ಮಕ್ಕಳಿಗೆ ಅದರ ಮೇಲೇ ಕಣ್ಣು. ಆದರೆ ಅದನ್ನು ನಕ್ಷೆಯ ಮೇಲಿಟ್ಟರೆ ಕೆಳಗಿನದು ಎಂತದೂ ಕಾಣುವುದಿಲ್ಲ, ಹಾಗಾಗಿ ಈ ಆಟಕ್ಕೆ ಬೇಡ. ಹೆಬ್ಬೆರಳಿಗೆ ಸಿಕ್ಕಿಸುವ ಥಂಬ್ ಕಂಪಾಸ್ ಓಡುವವರಿಗೆ ತುಂಬಾ ಒಳ್ಳೆಯದು, ಆದರೆ ಹೆಚ್ಚಿನವುಗಳಲ್ಲಿ ತಿರುಗಿಸುವ ಡಯಲ್ ಇಲ್ಲ, ಬೆಲೆಯೂ ಜಾಸ್ತಿ. ನಕ್ಷೆ ಓದುವುದು ಕೈಗೆ ಹತ್ತಿದ ಮೇಲೆ ಬೇಕಿದ್ದರೆ ನೋಡಬಹುದು. ಕೀಚೈನಿಗೆ ಹಾಕುವ ಪುಟ್ಟ ಕಂಪಾಸ್ ಸುಮ್ನೆ ದುಡ್ಡು ದಂಡ. ಉಳಿದದ್ದು ಬೇಸ್‌ಪ್ಲೇಟ್. ಸ್ವೀಡನ್ನಿನಲ್ಲಿ 1930ರ ದಶಕದಲ್ಲಿ ಷೆಲ್‌ಸ್ಟ್ರೋಮ್ ಸಹೋದರರು ಗುನ್ನಾರ್ ಟಿಲಾಂಡರ್ ಜೊತೆ ಸೇರಿ ಕೋನಮಾಪಕ ಮತ್ತು ಕಂಪಾಸ್ ಎರಡನ್ನೂ ಒಂದೇ ಪಟ್ಟಿಯಲ್ಲಿ ಜೋಡಿಸಿದರು. ಸಿಲ್ವಾ ಕಂಪನಿ ಶುರುವಾದದ್ದು ಹಾಗೆ, 1933ರಲ್ಲಿ. ಇವತ್ತು ಸಿಗುವ ಎಲ್ಲ ಬೇಸ್‌ಪ್ಲೇಟುಗಳೂ ಅದೇ ನಮೂನೆ.

ಇನ್ನು ನಾನು ಜಾಸ್ತಿ ಹೇಳಬೇಕಾದ್ದು ಮುಳ್ಳಿನ ಬಗ್ಗೆ. ಈ ಮಾತನ್ನು ಹೊರದೇಶದ ರಿವ್ಯೂಗಳಲ್ಲಿ ಹೆಚ್ಚಾಗಿ ಬರೆಯುವುದಿಲ್ಲ, ಅವರಿಗೆ ಅದು ಬೇಕಾಗಿಲ್ಲ. ನಮಗೆ ಬೇಕು.

ಭೂಮಿಯ ಕಾಂತಶಕ್ತಿ ಮುಳ್ಳನ್ನು ಉತ್ತರಕ್ಕೆ ಎಳೆಯುವುದು ಮಾತ್ರವಲ್ಲ, ಧ್ರುವದ ಕಡೆ ಹೋದ ಹಾಗೆ ಕೆಳಕ್ಕೂ ಎಳೆಯುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಈ ಎಳೆತದ ಓರೆ 70 ಡಿಗ್ರಿಗೂ ಮೇಲೆ. ಅಂದರೆ ಬಿಟ್ಟರೆ ಮುಳ್ಳಿನ ಕೆಂಪು ತುದಿ ಹೆಚ್ಚುಕಮ್ಮಿ ನೆಲವನ್ನೇ ತೋರಿಸಲು ನೋಡುತ್ತದೆ. ಅದಕ್ಕೆ ಅಲ್ಲಿಯವರು ಮುಳ್ಳಿನ ದಕ್ಷಿಣ ತುದಿಗೆ ಚೂರು ಭಾರ ಕೊಟ್ಟು ಸಮ ಮಾಡುತ್ತಾರೆ. ನಮ್ಮ ಕಡೆ ಕೆಳಕ್ಕೆ ಎಳೆಯುವುದು ತೀರ ಕಮ್ಮಿ. ಕಾಂತೀಯ ಸಮಭಾಜಕ ರೇಖೆ ಕೇರಳದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ತಿರುವನಂತಪುರದ ತುಂಬಾವನ್ನು ರಾಕೆಟ್ ಹಾರಿಸಲು ಆರಿಸಿದ್ದು ಇದೇ ಕಾರಣಕ್ಕೆ, 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹೋದದ್ದು ಅಲ್ಲಿಂದ. ಕಾಸರಗೋಡು ಅದಕ್ಕಿಂತ ಸ್ವಲ್ಪ ಉತ್ತರಕ್ಕೆ, ಅಷ್ಟೇ. ಹಾಗಾಗಿ ಯುರೋಪಿಗೆ ಅಂತ ಸಮ ಮಾಡಿದ ಕಂಪಾಸನ್ನು ಇಲ್ಲಿ ತಂದರೆ ಕೊಟ್ಟ ಭಾರವೇ ಮೇಲುಗೈ ಆಗಿ ದಕ್ಷಿಣ ತುದಿ ವಾಲುತ್ತದೆ. ವಾಲಿದ ಮುಳ್ಳು ಡಬ್ಬಿಯ ತಳಕ್ಕೆ ಉಜ್ಜುತ್ತದೆ. ಉಜ್ಜಿದರೆ ಎಲ್ಲೋ ಒಂದು ಕಡೆ ಅಂಟಿಕೊಂಡು ನಿಲ್ಲುತ್ತದೆ, ನೀವು ಅದನ್ನೇ ಉತ್ತರ ಅಂತ ನಂಬಿ ಹೊರಡುತ್ತೀರಿ.

ಇದನ್ನು ಪರೀಕ್ಷಿಸುವುದು ಸುಲಭ. ಪಾರ್ಸೆಲ್ ಬಂದ ಕೂಡಲೇ ಕಬ್ಬಿಣದ ಸಾಮಾನಿನಿಂದ ದೂರ ನಿಂತು ಕಂಪಾಸನ್ನು ಅಂಗೈಯಲ್ಲಿ ಮಟ್ಟವಾಗಿ ಹಿಡಿಯಿರಿ. ಕಣ್ಣಿನ ಎತ್ತರಕ್ಕೆ ತಂದು ಬದಿಯಿಂದ ನೋಡಿ. ಮುಳ್ಳಿನ ಎರಡೂ ತುದಿ ಒಂದೇ ಮಟ್ಟದಲ್ಲಿ ಉಂಟಾ? ನಂತರ ಮೆಲ್ಲ ಒಂದು ಸುತ್ತು ತಿರುಗಿ. ಮುಳ್ಳು ಎಲ್ಲೂ ತಡವರಿಸದೆ ತೇಲುತ್ತಾ ಬಂದು ನಿಲ್ಲಬೇಕು. ಆಮೇಲೆ ಕೈಯನ್ನು ಸ್ವಲ್ಪ ಓರೆ ಮಾಡಿ ನೋಡಿ, ಆಗಲೂ ತಿರುಗುತ್ತಿದ್ದರೆ ನಿಶ್ಚಿಂತೆಯಿಂದ ಇಟ್ಟುಕೊಳ್ಳಿ. ನನ್ನದು ಕೂದಲೆಳೆಯಷ್ಟು ದಕ್ಷಿಣಕ್ಕೆ ವಾಲುತ್ತದೆ, ಉಜ್ಜುವುದಿಲ್ಲ. ಇದಕ್ಕೂ ಮೊದಲು ತರಿಸಿದ ಒಂದು ಸಿಕ್ಕಾಪಟ್ಟೆ ವಾಲುತ್ತಿತ್ತು, ವಾಪಸ್ ಕಳಿಸಿದೆ. ದೊಡ್ಡ ಕಂಪನಿಗಳು ಪ್ರದೇಶಕ್ಕೆ ತಕ್ಕ ಹಾಗೆ ಬೇರೆ ಬೇರೆ ಸಮತೋಲದ ಮುಳ್ಳು ಹಾಕಿ ಮಾರುತ್ತವೆ. ಎಲ್ಲ ಕಡೆಗೂ ಆಗುವ ಗ್ಲೋಬಲ್ ಮುಳ್ಳಿನ ಕಂಪಾಸೂ ಉಂಟು, ಬೆಲೆ ಜಾಸ್ತಿ. ದುಬೈಯಲ್ಲೋ ಜರ್ಮನಿಯಲ್ಲೋ ಇರುವ ಅಣ್ಣನ ಹತ್ತಿರ ತರಿಸುವವರು ಇದನ್ನು ಕೇಳಿಯೇ ತರಿಸಿ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನಮ್ಮದು ಮುರಕಲ್ಲಿನ (ಕೆಂಪು ಕಲ್ಲಿನ) ನಾಡು, ಕಲ್ಲಿನಲ್ಲೇ ಕಬ್ಬಿಣ, ಕಂಪಾಸ್ ತಪ್ಪು ತೋರಿಸುವುದಿಲ್ವಾ ಅಂತ. ಕಬ್ಬಿಣ ಇರುವುದು ಹೌದು, ಆ ಕೆಂಪು ಬಣ್ಣವೇ ಅದರದ್ದು. ಆದರೆ ಮುರಕಲ್ಲಿನಲ್ಲಿ ಅದು ಹೆಚ್ಚಾಗಿ ಹೆಮಟೈಟ್, ಗೋಥೈಟ್ ರೂಪದಲ್ಲಿ ಇರುತ್ತದೆ, ಅವುಗಳ ಕಾಂತಗುಣ ತೀರ ದುರ್ಬಲ. ಬರೀ ಪಾರೆಯ (ಹಾಸುಬಂಡೆಯ) ಮೇಲೆ ಕಂಪಾಸ್ ಇಟ್ಟು ನೋಡಿದ್ದೇನೆ, ಎತ್ತಿ ಹಿಡಿದಾಗಲೂ ಕೆಳಗಿಟ್ಟಾಗಲೂ ಮುಳ್ಳು ಒಂದೇ ಕಡೆ. ನಿಜವಾಗಿ ಕಾಟ ಕೊಡುವುದು ಬೇರೆಯೇ. ಒಂದು ಸಲ ಅಕ್ಕನ ಮಗ ಪದವಿನಲ್ಲಿ ನಿಂತು, "ಮಾವ, ಇದರ ಮುಳ್ಳು ಒಂದು ಕಡೆ ನಿಲ್ತಾ ಇಲ್ಲ" ಅಂದ. ಪಕ್ಕದಲ್ಲಿ ದಾರಿ ತೋರಿಸಲು ಬಂದ ನೆರೆಮನೆಯ ಅಣ್ಣ ಬಗ್ಗಿ ನೋಡುತ್ತಿದ್ದರು, ಅವರ ಸೊಂಟದಲ್ಲಿ ಕೊಕ್ಕೆಗೆ ಸಿಕ್ಕಿಸಿದ ಕತ್ತಿ. ಅವರು ಬಗ್ಗಿದಾಗ ಮುಳ್ಳು ಅವರ ಕಡೆ, ಎದ್ದಾಗ ವಾಪಸ್. ಕತ್ತಿ, ಮೊಬೈಲ್, ಆಯಸ್ಕಾಂತ ಇರುವ ಮೊಬೈಲ್ ಕವರ್, ತೋಟದ ಕಬ್ಬಿಣದ ಗೇಟು, ತಂತಿ ಬೇಲಿ, ನಿಲ್ಲಿಸಿದ ಜೀಪು, ಇವುಗಳ ಹತ್ತಿರ ನಿಂತು ದಿಕ್ಕು ನೋಡಬೇಡಿ. ಮೊಬೈಲ್ ಮತ್ತು ಕಂಪಾಸ್ ಒಂದೇ ಕಿಸೆಯಲ್ಲಿ ಇಟ್ಟರೆ ಇನ್ನೂ ಒಂದು ಅಪಾಯ ಉಂಟು. ಅದರ ಸ್ಪೀಕರಿನ ಆಯಸ್ಕಾಂತಕ್ಕೆ ಮುಳ್ಳಿನ ಧ್ರುವವೇ ತಿರುಗಿ ಕೆಂಪು ತುದಿ ದಕ್ಷಿಣ ತೋರಿಸಲು ಶುರು ಮಾಡಬಹುದು. ಹಾಗಾಗಿ ಹೊರಡುವ ಮೊದಲು ಒಮ್ಮೆ ಬೆಳಗ್ಗಿನ ಸೂರ್ಯನ ಕಡೆ ನೋಡಿ ತಾಳೆ ಹಾಕುವುದು ಒಳ್ಳೆಯ ಅಭ್ಯಾಸ.

ಬಳಸುವ ಕ್ರಮ ನಿಜವಾಗಿ ಚಿಕ್ಕದು. ಪಟ್ಟಿಯ ಉದ್ದ ಅಂಚನ್ನು ನೀವಿರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ನಕ್ಷೆಯ ಮೇಲೆ ಇಡಿ, ಬಾಣ ಹೋಗುವ ಕಡೆಗಿರಲಿ. ಡಯಲ್ ತಿರುಗಿಸಿ ಒಳಗಿನ ಗೆರೆಗಳು ನಕ್ಷೆಯ ಉತ್ತರದ ಗೆರೆಗಳ ಜೊತೆ ಸಮಾನಾಂತರ ಆಗಬೇಕು, ಡಯಲಿನ ಉತ್ತರ ನಕ್ಷೆಯ ಉತ್ತರಕ್ಕೇ ಇರಬೇಕು. ಈಗ ಕಂಪಾಸ್ ಎತ್ತಿ ಹೊಟ್ಟೆಯ ಮುಂದೆ ಮಟ್ಟವಾಗಿ ಹಿಡಿದು, ಕೆಂಪು ಮುಳ್ಳು ಒಳಗಿನ ಬಾಣದ ಮೇಲೆ ಸರಿಯಾಗಿ ಕೂರುವವರೆಗೆ ಇಡೀ ಮೈ ತಿರುಗಿಸಿ. ಎದುರಿಗೆ ಕಾಣುವುದೇ ದಾರಿ. ಆ ನೇರದಲ್ಲಿ ಒಂದು ಗೇರು ಮರವನ್ನೋ ಕಲ್ಲನ್ನೋ ಗುರುತಿಟ್ಟು ಅಲ್ಲಿಗೆ ನಡೆಯಿರಿ, ಮುಳ್ಳನ್ನೇ ನೋಡುತ್ತಾ ನಡೆದರೆ ಎಡವುತ್ತೀರಿ. ಐದು ಡಿಗ್ರಿ ತಪ್ಪಿದರೂ ನೂರು ಮೀಟರಿಗೆ ಒಂಬತ್ತು ಮೀಟರ್ ಆಚೀಚೆ ಆಗುತ್ತದೆ, ಗಾಬರಿ ಪಡುವಂಥದ್ದು ಎಂತದೂ ಇಲ್ಲ. ನಿಜ ಉತ್ತರಕ್ಕೂ ಕಾಂತ ಉತ್ತರಕ್ಕೂ ನಮ್ಮ ಕಡೆ ಒಂದೆರಡು ಡಿಗ್ರಿ ವ್ಯತ್ಯಾಸ ಮಾತ್ರ, ಹೊಸಬರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ ನಡೆಯುತ್ತದೆ.

ಆದರೆ ಶುರುವಿನಲ್ಲಿ ಇಷ್ಟೂ ಬೇಡ ಅಂತ ನನ್ನ ಅಭಿಪ್ರಾಯ. ಮಕ್ಕಳಿಗೆ ನಾನು ಡಯಲ್ ಮುಟ್ಟಲು ಬಿಡುವುದೇ ಇಲ್ಲ. ಮೊದಲ ಕೆಲವು ದಿನ ಒಂದೇ ಪಾಠ. ಕಂಪಾಸನ್ನು ನಕ್ಷೆಯ ಮೇಲಿಟ್ಟು, ನಕ್ಷೆಯ ಉತ್ತರವೂ ಕೆಂಪು ಮುಳ್ಳೂ ಒಂದೇ ಕಡೆ ಆಗುವ ಹಾಗೆ ನಕ್ಷೆಯನ್ನೇ ತಿರುಗಿಸುವುದು. ಹಾಗೆ ಮಾಡಿದಾಗ ಎಡಕ್ಕೆ ಇರುವ ತೋಡು ನಕ್ಷೆಯಲ್ಲೂ ಎಡಕ್ಕೇ ಬರುತ್ತದೆ. ನೀವು ತಿರುಗಿದಾಗೆಲ್ಲ ನಕ್ಷೆ ಕೈಯಲ್ಲಿ ತಿರುಗಬೇಕು, ಅಕ್ಷರ ತಲೆಕೆಳಗಾದರೆ ಆಗಲಿ. ಹೆಬ್ಬೆರಳು ಸದಾ ನೀವಿರುವ ಜಾಗದ ಮೇಲೆ. ಇಷ್ಟು ಕೈಗೆ ಬಂದರೆ ಅರ್ಧ ಆಟ ಬಂದ ಹಾಗೆ, ಮತ್ತೆ ಇದಕ್ಕೆ ಯಾವ ದುಬಾರಿ ಕಂಪಾಸೂ ಬೇಡ, ಮುಳ್ಳು ಸರಿ ಇದ್ದರೆ ಸಾಕು.

ಹಾಗಾದರೆ ನಕ್ಷೆ ಎಲ್ಲಿಂದ? ಇಲ್ಲಿ ಸ್ವಲ್ಪ ಕಷ್ಟ ಉಂಟು. ಓರಿಯಂಟೀರಿಂಗ್ ನಕ್ಷೆಗೆ ಅಂತಾರಾಷ್ಟ್ರೀಯ ನಿಯಮ ಇದೆ. ಕಾಡಿನ ನಕ್ಷೆ 1:15,000, ಎತ್ತರದ ಗೆರೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ನಡುವೆ 5 ಮೀಟರ್ ಏರು. ಊರೊಳಗಿನ ಸ್ಪ್ರಿಂಟ್ ಸ್ಪರ್ಧೆಗೆ 1:4,000. ಸರ್ವೆ ಆಫ್ ಇಂಡಿಯಾದ 1:50,000 ಹಾಳೆ ಚಂದವೇ, ಆದರೆ ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ಅರ್ಧ ಕಿಲೋಮೀಟರ್, ನಮ್ಮ ಇಡೀ ಪದವು ಹೆಬ್ಬೆರಳಿನ ಅಡಿಗೆ ಹೋಗುತ್ತದೆ. ನಾನು ಬಳಸುವುದು ಓಪನ್‌ಓರಿಯಂಟೀರಿಂಗ್‌ಮ್ಯಾಪ್ ಅನ್ನುವ ಉಚಿತ ಸೇವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇರುವ ಮಾಹಿತಿಯನ್ನು ಓರಿಯಂಟೀರಿಂಗ್ ನಕ್ಷೆಯ ಬಣ್ಣಗಳಲ್ಲಿ ಮಾಡಿಕೊಡುತ್ತದೆ, ಕಂಟ್ರೋಲ್ ವೃತ್ತ ಹಾಕಿ ಪಿಡಿಎಫ್ ಇಳಿಸಬಹುದು. ಬದಿಯಡ್ಕದ ಯಾವ ಝೆರಾಕ್ಸ್ ಅಂಗಡಿಯಲ್ಲೂ ಕಲರ್ ಪ್ರಿಂಟ್ ಸಿಗುತ್ತದೆ. ನೂರು ಪರ್ಸೆಂಟ್ ಅಳತೆಯಲ್ಲೇ ಹಾಕಿ ಅಂತ ಹೇಳಲು ಮರೆಯಬೇಡಿ, ಪೇಜಿಗೆ ಹೊಂದಿಸಿ ಪ್ರಿಂಟ್ ಕೊಟ್ಟರೆ ಸ್ಕೇಲ್ ಹೋಯಿತು.

ಈ ಸೇವೆಗೆ ನಾನು ಕೊಡುವುದು ಐದಕ್ಕೆ ಮೂರು. ಊರಿನ ರಸ್ತೆ, ಶಾಲೆ, ಹೊಳೆ ಎಲ್ಲ ಬರುತ್ತದೆ. ನಮ್ಮ ಗುಡ್ಡೆಯಲ್ಲಿ ದಾರಿ ಹುಡುಕಲು ನಿಜವಾಗಿ ಬೇಕಾದದ್ದು ಬರುವುದಿಲ್ಲ. ಎರಡು ಜಾಗದ ನಡುವಿನ ಅಗಳು (ಕಂದಕ) ಇಲ್ಲ. ಮದಕ (ಕೆರೆ) ಇಲ್ಲ, ನೀರಿಗೆ ಅಂತ ಗುಡ್ಡೆ ಕೊರೆದ ಸುರಂಗದ ಬಾಯಿ ಇಲ್ಲ. ಮಳೆಗಾಲದಲ್ಲಿ ಪಾರೆಯ ಮೇಲೆ ನೀರು ನಿಲ್ಲುವ ಪಳ್ಳ ಇಲ್ಲ. ಅಡಿಕೆ ತೋಟದ ಬರೆಯ (ಕಡಿದ ದಿಬ್ಬದ) ಒಂದೊಂದು ಮೆಟ್ಟಿಲೂ ಒಬ್ಬಾಳು ಎತ್ತರ ಇದ್ದೀತು, ನಕ್ಷೆಯ ಎತ್ತರದ ಗೆರೆಗೆ ಅದರ ಸುದ್ದಿಯೇ ಗೊತ್ತಿರುವುದಿಲ್ಲ. ಇದು ಆ ಸೇವೆಯ ತಪ್ಪಲ್ಲ, ಮೂಲ ನಕ್ಷೆಯಲ್ಲಿ ಯಾರೂ ಹಾಕಿಲ್ಲ ಅಷ್ಟೇ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಿಂದ ಜನರೇ ಸೇರಿ ಬರೆಯುತ್ತಿರುವ ನಕ್ಷೆ, ನಾವೂ ಬರೆಯಬಹುದು. ನಮ್ಮ ಮನೆಯ ಹಿಂದಿನ ಗುಡ್ಡೆಯ ಕಾಲುದಾರಿ, ಬಾವಿ, ಒಂಟಿ ಮರ ಸೇರಿಸುತ್ತಾ ಹೋದೆ, ಈಗ ಆ ಜಾಗದ ನಕ್ಷೆ ಆಟಕ್ಕೆ ಚೆನ್ನಾಗಿಯೇ ಆಗುತ್ತದೆ. ಸುರಂಗ, ಅಗಳು ಮುಂತಾದ್ದನ್ನು ಪೆನ್ನಿನಲ್ಲೇ ಹಾಕುತ್ತೇನೆ. ಇನ್ನೂ ಆಸಕ್ತಿ ಇರುವವರು ಓಪನ್‌ಓರಿಯಂಟೀರಿಂಗ್ ಮ್ಯಾಪರ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಸರಿಯಾದ ನಕ್ಷೆಯನ್ನೇ ಬಿಡಿಸಬಹುದು. ತಿಂಗಳುಗಟ್ಟಲೆ ಕೆಲಸ, ಆದರೆ ಊರಿನ ಗುಡ್ಡೆಯ ಗುರುತು ಅಷ್ಟು ಚೆನ್ನಾಗಿ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಬಣ್ಣಗಳ ಬಗ್ಗೆ ಒಂದು ಎಚ್ಚರಿಕೆ. ಈ ನಕ್ಷೆಯಲ್ಲಿ ಬಿಳಿ ಅಂದರೆ ಖಾಲಿ ಜಾಗ ಅಲ್ಲ, ಓಡಲು ಆಗುವ ಕಾಡು. ಬಯಲಿಗೆ ಹಳದಿ. ಹಸಿರು ದಟ್ಟವಾದ ಹಾಗೆ ನುಗ್ಗುವುದು ಕಷ್ಟ. ಬರೀ ಪಾರೆಗೆ ಬೂದು, ನೀರಿಗೆ ನೀಲಿ, ನೆಲದ ಏರುತಗ್ಗಿಗೆ ಕಂದು, ಕಲ್ಲು ಕಟ್ಟಡ ದಾರಿಗಳಿಗೆ ಕಪ್ಪು. ಹಳದಿಯ ಮೇಲೆ ಹಸಿರು ಚುಕ್ಕೆ ಇದ್ದರೆ ಅದು ತೋಟ. ನಮ್ಮಲ್ಲಿ ಹಳದಿ ಕೂಡ ಕಾಲಕ್ಕೆ ತಕ್ಕ ಹಾಗೆ. ಬೇಸಿಗೆಯಲ್ಲಿ ಸಲೀಸಾಗಿ ಓಡುವ ಪದವಿನಲ್ಲಿ ಮಳೆ ಮುಗಿಯುವ ಹೊತ್ತಿಗೆ ಮುಳಿಹುಲ್ಲು ಮಂಡಿ ದಾಟಿರುತ್ತದೆ, ಕೆಳಗಿನ ಕಲ್ಲಿನ ಸಂದು ಕಾಣುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬೆಳಗ್ಗೆ ಹೊತ್ತು ಕಲಿಯಲು ಎಲ್ಲಕ್ಕಿಂತ ಒಳ್ಳೆಯದು.

ಮತ್ತೆ ಕಂಪಾಸಿಗೆ ಬರುತ್ತೇನೆ. ಮಳೆಯಲ್ಲಿ ಹೇಗೆ ಬಾಳುತ್ತದೆ? ಮುಳ್ಳು ಇರುವ ಡಬ್ಬಿಯೊಳಗೆ ದ್ರವ ತುಂಬಿರುತ್ತದೆ, ಮುಳ್ಳು ಬೇಗ ನಿಲ್ಲಲಿ ಅಂತ. ಅದರಲ್ಲಿ ಸಣ್ಣ ಗುಳ್ಳೆ ಬಂದರೆ ಪರವಾಗಿಲ್ಲ. ಮುಳ್ಳಿಗೆ ತಾಗುವಷ್ಟು ದೊಡ್ಡದಾದರೆ ಸೋರಿಕೆ ಅಂತ ಅರ್ಥ, ಅದು ಮುಗಿಯಿತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ. ನನ್ನದರಲ್ಲಿ ಗುಳ್ಳೆ ಇಲ್ಲ, ಡಯಲ್ ಈಗಲೂ ನಯವಾಗಿ ತಿರುಗುತ್ತದೆ. ದೂರು ಎರಡು. ಅಂಚಿನ ಸ್ಕೇಲಿನ ಅಚ್ಚು ಬೆವರು ತಾಗಿ ಅಲ್ಲಲ್ಲಿ ಅಳಿಸಿದೆ. ಹಾಗೂ ಆ ಸ್ಕೇಲು 1:25,000 ಮತ್ತು 1:50,000ಕ್ಕೆ ಮಾಡಿದ್ದು, ನಮ್ಮ ಪ್ರಿಂಟಿಗೆ ಹೊಂದುವುದಿಲ್ಲ. ಪಕ್ಕದ ಸೆಂಟಿಮೀಟರ್ ಗುರುತೇ ಗತಿ. ನಾನು 1:5,000ದಲ್ಲಿ ಪ್ರಿಂಟ್ ಹಾಕಿಸುತ್ತೇನೆ, ಒಂದು ಸೆಂಟಿಮೀಟರಿಗೆ ಐವತ್ತು ಮೀಟರ್, ಮಕ್ಕಳೂ ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಪುಟ್ಟ ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಷ್ಟ ಇಲ್ಲ. ಜೊತೆಗೆ ಬಂದ ದಾರ ಉರುಟು, ಕುತ್ತಿಗೆ ಕೆರೆಯುತ್ತದೆ, ಬದಲಾಯಿಸಿದೆ.

ಮೊಬೈಲ್ ಸಾಕಲ್ವಾ ಅನ್ನುವವರಿಗೆ: ನೀವು ಎಲ್ಲಿದ್ದೀರಿ ಅಂತ ನೀಲಿ ಚುಕ್ಕೆ ತೋರಿಸಿದ ಮೇಲೆ ಆಟವೇ ಇಲ್ಲ. ಸ್ಪರ್ಧೆಯಲ್ಲಿ ದಾರಿ ಹುಡುಕಲು ಜಿಪಿಎಸ್ ಬಳಸುವ ಹಾಗೂ ಇಲ್ಲ. ಆದರೆ ಮ್ಯಾಪ್‌ರನ್ ಅನ್ನುವ ಉಚಿತ ಆ್ಯಪ್ ನನಗೆ ಇಷ್ಟ. ಬಟ್ಟೆ ನೇತುಹಾಕುವ ಕೆಲಸ ಇಲ್ಲ, ಕಂಟ್ರೋಲ್ ಜಾಗ ಮುಟ್ಟಿದಾಗ ಮೊಬೈಲ್ ಸದ್ದು ಮಾಡಿ ಸಮಯ ಬರೆದುಕೊಳ್ಳುತ್ತದೆ. ನಕ್ಷೆ ಮತ್ತು ಕಂಪಾಸ್ ಕೈಯಲ್ಲಿ, ಮೊಬೈಲ್ ಬೆನ್ನಿನ ಚೀಲದಲ್ಲಿ. ದಟ್ಟ ತೋಟದೊಳಗೆ ಸದ್ದು ಬರುವುದು ತಡವಾಗುತ್ತದೆ, ಹಾಗಾಗಿ ಕಂಟ್ರೋಲನ್ನು ಆಕಾಶ ಕಾಣುವ ಜಾಗದಲ್ಲೇ ಇಡಿ.

ಜಾಗ ಆರಿಸುವಾಗ ಈ ಒಂದು ಮಾತನ್ನು ದಯವಿಟ್ಟು ಹಗುರ ಮಾಡಬೇಡಿ. ನಮ್ಮ ಪದವುಗಳಲ್ಲಿ ಕೆಂಪು ಕಲ್ಲು ತೆಗೆದು ಬಿಟ್ಟ ಕೋರೆಗಳು ತುಂಬಾ. ನೇರ ಕಡಿದ ಗೋಡೆ, ಬೇಲಿ ಇಲ್ಲ, ಮಳೆಗಾಲದಲ್ಲಿ ನೀರು ತುಂಬಿ ಆಳ ಗೊತ್ತಾಗುವುದಿಲ್ಲ, ಅಂಚಿನವರೆಗೂ ಹುಲ್ಲು. ಕಂಪಾಸ್ ಹಿಡಿದು ನೇರಕ್ಕೆ ಓಡುವ ಮಗುವಿಗೆ ಅದು ಕೊನೆಯ ಹೆಜ್ಜೆಯವರೆಗೂ ಕಾಣುವುದಿಲ್ಲ. ಕೋರೆ ಇರುವ ಗುಡ್ಡೆಯಲ್ಲಿ ಮಕ್ಕಳ ಆಟ ಬೇಡವೇ ಬೇಡ. ಕಟ್ಟೆ ಇಲ್ಲದ ಬಾವಿಗೂ ಇದೇ ಮಾತು. ನಾಗಬನ, ದೈವಸ್ಥಾನದ ಜಾಗಕ್ಕೆ ನಕ್ಷೆಯಲ್ಲಿ ನೇರಳೆ ಗೀಟು ಹಾಕಿ, ಅಲ್ಲಿಗೆ ಹೋಗಬಾರದು ಅಂತ ಮೊದಲೇ ಹೇಳಿ. ಜಾಗದ ಯಜಮಾನರ ಹತ್ತಿರ ಕೇಳಿಯೇ ಹೋಗಿ, ಹೆಚ್ಚಿನವರು ಖುಷಿಯಿಂದ ಹೂಂ ಅನ್ನುತ್ತಾರೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡಬೇಡಿ. ಮೊದಲ ಸಲಕ್ಕೆ ಶಾಲೆಯ ಮೈದಾನ ಮತ್ತು ಅದರ ಸುತ್ತಿನ ಗುಡ್ಡೆಯೇ ಒಳ್ಳೆಯದು. ಒಂದು ಬದಿಗೆ ರಸ್ತೆ ಇರಲಿ, ದಾರಿ ತಪ್ಪಿದರೆ ಆ ದಿಕ್ಕಿಗೆ ಹೋಗಿ ರಸ್ತೆ ಹಿಡಿ ಅಂತ ಹೇಳಿಕೊಡಿ. ಕುತ್ತಿಗೆಗೆ ಒಂದು ಸೀಟಿ ಕಡ್ಡಾಯ.

ಕೊಳ್ಳುವವರಿಗೆ ಉಳಿದ ವಿವರ. ಒಟ್ಟು ಖರ್ಚು ಕಂಪಾಸ್, ಕಲರ್ ಪ್ರಿಂಟ್, ನಕ್ಷೆ ಹಾಕಲು ಪ್ಲಾಸ್ಟಿಕ್ ಕವರ್, ಸೀಟಿ ಇಷ್ಟೇ. ಉದ್ದ ಪ್ಯಾಂಟ್ ಮತ್ತು ಹಿಡಿತ ಇರುವ ಶೂ ಮನೆಯಲ್ಲಿ ಇರುತ್ತದೆ, ಮಳೆಗಾಲದಲ್ಲಿ ಇಂಬಳಕ್ಕೆ ಉಪ್ಪು ಕಟ್ಟಿಕೊಳ್ಳಿ. ಈಗಾಗಲೇ ಓಟದಲ್ಲಿ ಪಳಗಿದವರು, ಹೊರಗೆ ಸ್ಪರ್ಧೆಗೆ ಹೋಗುವ ಯೋಚನೆ ಇರುವವರು ನೇರವಾಗಿ ಮುಳ್ಳು ಬೇಗ ನಿಲ್ಲುವ ದುಬಾರಿ ಮಾದರಿ ನೋಡಬಹುದು, ಓಡುತ್ತಾ ದಿಕ್ಕು ನೋಡುವಾಗ ಅದರ ಬೆಲೆ ಗೊತ್ತಾಗುತ್ತದೆ. ನಡೆಯುತ್ತಾ ಕಲಿಯುವವರಿಗೆ ನನ್ನಂಥದ್ದು ಧಾರಾಳ. ಕಂಪಾಸಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಅಳಿಸಿದ ಅಚ್ಚಿಗೆ ಒಂದು ಕಳೆದು. ಶಾಲೆಗೆ ಅಂತ ಒಟ್ಟಿಗೆ ತರಿಸುವುದಾದರೆ ಇಬ್ಬರು ಮಕ್ಕಳಿಗೆ ಒಂದರ ಹಾಗೆ ತರಿಸಿ. ಮೊದಲು ಒಂದೇ ಒಂದು ತರಿಸಿ ಮುಳ್ಳು ಮಟ್ಟ ಉಂಟಾ ನೋಡಿ, ಆಮೇಲೆ ಉಳಿದವಕ್ಕೆ ಆರ್ಡರ್ ಹಾಕಿ.